ಬೋಳು ಸೀಟು

ಸಾರಿಗೆ ಸಂಸ್ಥೆಯ ಪರೀಕ್ಷಕರು ಬಸ್ಸಿನ ಸೀಟನ್ನು ಮೇಜಿನ ಮೇಲೆ ಬೋರಲು ಹಾಕಿ, ತಳದ ಹೊಲಿಗೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ತಲೆ ಎತ್ತಿ ಕೇಳಿದರು.

"ಏನಮ್ಮಾ, ಇದು ಯಾರ ಸೀಟು?"

"ನಮ್ದೇ ಸಾರ್," ಎಂದಳು ಸೀಟಕ್ಕ. "ಟೆಂಡರಿಗೆ ಅಂತ ನಾನೇ ಹೊಲಿದಿದ್ದು."

"ನಿಮ್ದಾದ್ರೆ ಇದ್ಯಾಕಿದೆ ಇಲ್ಲಿ?"

ಸೀಟಿನ ಅಡಿಯ ಮೂಲೆಯಲ್ಲಿ, ನಾಲ್ಕೂ ಬದಿ ನೀಟಾಗಿ ಹೊಲಿದ ನೀಲಿ ಲೇಬಲ್. ದೊಡ್ಡ ಕಂಪನಿಯದು! ಸೀಟಕ್ಕ ತಾನೂ ಬಗ್ಗಿ ನೋಡಿದಳು. ಆ ಕಂಪನಿಗಾಗಿ ಅವಳೂ ಅವಳ ಅತ್ತೆಯೂ ಮನೆಯ ಮುಂದಿನ ಕೋಣೆಯಲ್ಲಿ ಕೂತು ವರ್ಷಗಟ್ಟಲೆ ಸೀಟು ಹೊಲಿದಿದ್ದರು. ಊರಿನ ಜನ ದಿನಾ ಕೂತು ಏಳುವುದು ಇವರ ಹೊಲಿಗೆಯ ಮೇಲೆ, ಲೇಬಲ್ ಮಾತ್ರ ಕಂಪನಿಯದು. ದುಡಿಯುವವರು ಒಬ್ಬರು, ಹೆಸರು ಇನ್ನೊಬ್ಬರಿಗೆ. ಬಸ್ಸು ಹತ್ತಿದಾಗಲೆಲ್ಲ ಅವಳು ಸೀಟಿನ ಅಂಚಿಗೆ ಕೈ ಹಾಕಿ 'ಇದು ನಮ್ದು' ಎಂದುಕೊಳ್ಳುತ್ತಿದ್ದಳು. ಬಾಯಿಬಿಟ್ಟು ಹೇಳಿದರೆ ನಂಬುವವರು ಯಾರು? ಒಂದೇ ಒಂದು ಬಸ್ಸಿನ ಸೀಟಾದರೂ ನಮ್ಮ ಹೆಸರಿನಲ್ಲಿರಲಿ ಎನ್ನುವ ಆಸೆ ಅವಳನ್ನು ಇಲ್ಲಿಗೆ ತಂದಿತ್ತು.

ಸಣ್ಣ ಅಂಗಡಿಯವರೂ ಟೆಂಡರ್ ಹಾಕಲಿ ಎಂದು ಸಾರಿಗೆ ಸಂಸ್ಥೆ ತೆರೆದಿದ್ದ ಸಹಾಯದ ಕೌಂಟರಿನ ಮೇಡಂ ಪಕ್ಕದಲ್ಲೇ ನಿಂತಿದ್ದರು. ಅಂಗಡಿಯನ್ನು ನೋಂದಾಯಿಸಿ, ಬೆಲೆ ಹೇಗೆ ಕಟ್ಟಬೇಕೆಂದು ಹೇಳಿಕೊಟ್ಟು, ಇವಳಿಗಾಗಿ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡಿದವರು. ಈಗ ಅವರ ಮುಖ ಪೆಚ್ಚಾಯಿತು.

"ಸಾರ್, ಏನೋ ಅಭ್ಯಾಸಬಲ. ಇದು ಅವರೇ ಹೊಲಿದಿದ್ದು, ನಾನು ಕಣ್ಣಾರೆ ನೋಡಿದೀನಿ."

"ನೀವು ಹೇಳ್ತೀರಿ, ನಾನೂ ನಂಬ್ತೀನಿ ಮೇಡಂ. ನಾಳೆ ಇನ್ನೊಬ್ಬ ತಕರಾರು ತೆಗೆದ್ರೆ? ಬೇರೆಯವರ ಲೇಬಲ್ ಇರೋ ಸ್ಯಾಂಪಲ್ ತಗೊಳ್ಳೋ ಹಾಗಿಲ್ಲ." ಪರೀಕ್ಷಕರು ಸೀಟನ್ನು ಮೆಲ್ಲಗೆ ತಟ್ಟಿದರು. "ಬಂದಿರೋದ್ರಲ್ಲೆಲ್ಲ ಇದೇ ಚೆನ್ನಾಗಿತ್ತು ಕಣಮ್ಮಾ."

ಆ ಮಾತೊಂದನ್ನು ಅವರು ಹೇಳಬಾರದಿತ್ತು. ಅಲ್ಲಿಯವರೆಗೂ ತಡೆದುಕೊಂಡಿದ್ದ ಸೀಟಕ್ಕನ ಕಣ್ಣು ತುಂಬಿಬಂತು.

ಹೊರಗೆ ಬಂದ ಮೇಲೆ ಮೇಡಂ ಅವಳ ತೋಳು ಹಿಡಿದುಕೊಂಡರು. "ಮುಂದಿನ ಟೆಂಡರ್ ಮೂರು ವರ್ಷ ಬಿಟ್ಟು. ನನ್ನನ್ನ ಅಷ್ಟರಲ್ಲಿ ಎಲ್ಲಿಗೆ ಎತ್ತಿಹಾಕಿರ್ತಾರೋ. ನೀವು ಮಾತ್ರ ಬಿಡಬೇಡಿ."

"ನಾನೇನೋ ಬಿಡಲ್ಲ ಮೇಡಂ. ಕೆಲಸ ಕಲಿಸಿದ್ದು ನಮ್ಮತ್ತೆ. ಈ ವಯಸ್ಸಲ್ಲಿ ಅವರಿಗೆ ಅಷ್ಟು ಕಾಯೋ ಪುರುಸೊತ್ತಿರುತ್ತಾ?"

ಸೀಟನ್ನು ಮಡಿಲಲ್ಲಿಟ್ಟುಕೊಂಡು ಅವಳು ಬಸ್ಸು ಹತ್ತಿದಳು. ಕಂಡಕ್ಟರ್, "ಏನಕ್ಕಾ, ಜಾಗ ಸಿಗಲ್ಲ ಅಂತ ಸೀಟು ಮನೆಯಿಂದ್ಲೇ ತಂದ್ಬಿಟ್ರಾ?" ಎಂದು ನಗಿಸಲು ನೋಡಿದ. ಅವಳಿಗೆ ನಗು ಬರಲಿಲ್ಲ. ಈ ಲೇಬಲ್ ಹೊಲಿದ ಕೈ ಯಾರದೆಂದು ಅವಳಿಗೆ ಗೊತ್ತಿತ್ತು. ಇಂದು ಒಂದು ಕೈ ನೋಡಿಯೇಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಮಸೆದಳು.

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಏನಾಯ್ತೇ? ಸಿಕ್ತಾ?"

"ಲೇಬಲ್ ಹಾಕಿದ್ದು ನೀವಾ ಅತ್ತೆ?"

"ಹೂಂ ಕಣೇ! ಪ್ಲಾಸ್ಟಿಕ್ ಸುತ್ತೋಣ ಅಂತ ತಿರುಗಿಸಿ ನೋಡ್ತೀನಿ, ಲೇಬಲ್ಲೇ ಇಲ್ಲ. ಬೋಳು ಬೋಳಾಗಿ ಕಾಣ್ತು. ಪಾಪ, ಅವಸರದಲ್ಲಿ ಮರೆತಿದೀಯ ಅಂತ ನಾನೇ ಕೂತು ಕೈಹೊಲಿಗೆ ಹಾಕ್ದೆ. ಸೊಟ್ಟ ಆಗಿರ್ಲಿಲ್ಲ ತಾನೇ?"

ಮಸೆದಿಟ್ಟ ಮಾತೆಲ್ಲ ಬಿಟ್ಟು ಸೀಟಕ್ಕ ಸೀಟನ್ನು ಗೋಡೆಗೊರಗಿಸಿದಳು. ಓದು ಬಾರದ ಅತ್ತೆಗೆ ಲೇಬಲ್ ಎಂದರೆ ಸೀಟಿನ ಕೊನೆಯ ಹೊಲಿಗೆ, ಅಷ್ಟೇ. ಅದರಲ್ಲಿ ಏನು ಬರೆದಿದೆಯೆಂದು ಇಷ್ಟು ವರ್ಷ ಯಾರೂ ಅವರಿಗೆ ಓದಿ ಹೇಳಿರಲಿಲ್ಲ. ಸೀಟಕ್ಕನೂ ಹೇಳಿರಲಿಲ್ಲ.

"ಸೊಟ್ಟ ಆಗಿರ್ಲಿಲ್ಲ ಅತ್ತೆ. ಆದ್ರೆ ಅದು ಕಂಪನಿಯವರ ಹೆಸರು. ಅದಕ್ಕೇ ಬೇಡ ಅಂದ್ರು. ಇನ್ನು ಮೂರು ವರ್ಷ ಕಾಯ್ಬೇಕು."

ಅತ್ತೆ ಗೋಡೆ ಹಿಡಿದುಕೊಂಡು ಹೊಸಿಲ ಮೇಲೆ ಕೂತರು. "ಅಯ್ಯೋ, ನನ್ನ ಕೈಗೆ ಬೆಂಕಿ ಬೀಳ! ಬಾಯಿಗೆ ಬಂದ ತುತ್ತನ್ನ ನಾನೇ ತಟ್ಟಿ ಬೀಳಿಸಿದ್ನಲ್ಲೇ..." ಸೆರಗಿನಿಂದ ಮುಖ ಒರೆಸಿಕೊಂಡರು. "ಅಲ್ವೇ, ಮತ್ತೆ ಯಾವ ಹೆಸರು ಹಾಕ್ಬೇಕಿತ್ತು? ನಮ್ಮಂಗಡಿಗೆ ಹೆಸರೆಲ್ಲಿದೆ?"

"ಇದೆ ಅತ್ತೆ. ನೋಂದಣಿಗೆ ಹೆಸರು ಬೇಕು ಅಂದ್ರು ಮೇಡಂ. ನಿಮ್ಮ ಹೆಸರೇ ಕೊಟ್ಟೆ. ಟೆಂಡರ್ ಸಿಕ್ಕಿದ್ಮೇಲೆ ಹೇಳೋಣ ಅಂತ ಸುಮ್ನಿದ್ದೆ."

ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆಯನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಗಂಡನಿಗೆ 'ಇವಳು', ಮಕ್ಕಳಿಗೆ 'ಅಮ್ಮ', ಕಂಪನಿಯವರಿಗೆ 'ಮುದುಕಿ'. ಅವರು ಮೂಗು ಸೊರ್ರೆಂದು ಏರಿಸಿ, ಮಿಕ್ಕಿದ್ದ ರೆಕ್ಸಿನ್ ತುಂಡೊಂದನ್ನು ಎಳೆದು ಸೊಸೆಯ ಮುಂದೆ ಹಾಸಿದರು.

"ಬರಿ ನೋಡೋಣ. ಮೂರು ವರ್ಷದಲ್ಲಿ ಕೈಗೆ ರೂಢಿ ಆಗ್ಬೇಕು."

ಸೀಟಕ್ಕ ಸೀಮೆಸುಣ್ಣ ಹಿಡಿದು ದಪ್ಪಕ್ಷರದಲ್ಲಿ ಬರೆದಳು. ಅತ್ತೆ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸುತ್ತಾ ಕೊನೆಯವರೆಗೂ ಹೋದರು. ಮತ್ತೆ ಮೊದಲಿಗೆ ಬಂದರು.

"ಇಷ್ಟುದ್ದ ಇದೆಯೇನೇ ನನ್ನ ಹೆಸರು?"