ಚೀಟಿ ಕಟ್ಟಿದ ವೈರುಗಳು

ಗಂಡ ರೋವನ್‌ನ ಶವಸಂಸ್ಕಾರಕ್ಕೆ ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಬ್ರೋನಿ ಒಬ್ಬಳಿಗಾಗುವಷ್ಟೇ ಟೀ ಮಾಡಿಕೊಂಡು ಕೂತಿದ್ದಾಗ ಅರ್ನಿ ಪಾಸ್ಕೋ ಹಿಂಬಾಗಿಲು ತಟ್ಟಿದ. ಮುದುಕನ ಕೈಯಲ್ಲಿ ಹ್ಯಾಟಿತ್ತು.

"ಲಾರಿ ನೋಡ್ಬೇಕಿತ್ತು ಕಣಮ್ಮ. ಇವತ್ತೇ ಕೇಳೋದು ಸರಿಯಲ್ಲ, ಗೊತ್ತು. ಆದ್ರೆ ಇಪ್ಪತ್ತೈದಕ್ಕೆ ಇನ್ನು ಒಂಬತ್ತೇ ದಿನ."

ಏಪ್ರಿಲ್ ಇಪ್ಪತ್ತೈದು ಸೈನಿಕರನ್ನು ನೆನೆಯುವ ದಿನ. ನಸುಕಿನ ಕತ್ತಲಲ್ಲೇ ಊರು ಸ್ಮಾರಕದವರೆಗೆ ನಡೆಯುತ್ತದೆ. ನಡೆಯಲಾರದ ನಾಲ್ವರು ಮಾಜಿ ಸೈನಿಕರನ್ನು ಈ ಸಲ ತನ್ನ ಯುದ್ಧಕಾಲದ ಬ್ಲಿಟ್ಜ್ ಲಾರಿಯಲ್ಲಿ ಕರೆತರುತ್ತೇನೆಂದು ರೋವನ್, ಅರ್ನಿಯೂ ಇದ್ದ ಹಳೆ ಮಿಲಿಟರಿ ಗಾಡಿಗಳ ಸಂಘಕ್ಕೆ ಮಾತು ಕೊಟ್ಟಿದ್ದ. ಎರಡು ವರ್ಷದಿಂದ ಅದರ ಕೊಳೆತ ವೈರುಗಳನ್ನೆಲ್ಲ ಕಿತ್ತು ಹೊಸದಾಗಿ ಎಳೆಯುತ್ತಿದ್ದ. ಎರಡು ವಾರದ ಹಿಂದೆ ಕೆಲಸದ ಜಾಗದಲ್ಲಿ, ಮೂವತ್ತಾರನೆಯ ವಯಸ್ಸಿಗೆ, ಅವನ ಹೃದಯ ನಿಂತಿತು.

ಶೆಡ್ಡಿನಲ್ಲಿ ಅರ್ನಿ ಲಾರಿಯ ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿದ. ಒಳಗಿಂದಲೇ ನಗು ಕೇಳಿಸಿತು.

"ಒಂದೊಂದು ವೈರಿಗೂ ಚೀಟಿ ಕಟ್ಟಿದಾನಲ್ಲಮ್ಮ! 'ಮಾಗಿದ ದಾಳಿಂಬೆ'... 'ಅಜ್ಜಿಯ ಶಾಲು'... 'ಮಳೆ ನಿಂತ ಹುಲ್ಲುಗಾವಲು'... ಇದೇನು ವೈರಿಂಗೋ, ರೇಸ್ ಕುದುರೆಗಳ ಪಟ್ಟಿನೋ?" ತಲೆ ಹೊರಗೆ ತೆಗೆದಾಗ ನಗು ನಿಂತಿತ್ತು. "ಬಣ್ಣ ಕಣ್ಣಿಗೆ ಹೊಡೆಯೋ ಹಾಗಿದೆ. ಕೆಂಪು ಇಲ್ಲಿಗೆ, ಹಸಿರು ಅಲ್ಲಿಗೆ. ಕಣ್ಣಿದ್ದೋನಿಗೆ ಚೀಟಿ ಯಾತಕ್ಕೆ?"

ಯಾತಕ್ಕೆಂದು ಬ್ರೋನಿಗೆ ಗೊತ್ತಿತ್ತು. ರೋವನ್‌ಗೆ ಕೆಂಪೂ ಹಸಿರೂ ಒಂದೇ. ಹದಿನೆಂಟರಲ್ಲಿ ಸೈನ್ಯದ ಎಲೆಕ್ಟ್ರಿಷಿಯನ್ ಕೆಲಸಕ್ಕೆ ಹೋದವನನ್ನು ಅದೇ ಕಾರಣಕ್ಕೆ ವಾಪಸು ಕಳಿಸಿದ್ದರು. ಊರಿಗೆ ಅವನು ಹೇಳಿದ್ದು ಮೊಣಕಾಲು ಸರಿಯಿಲ್ಲವೆಂದು. ಇಷ್ಟು ವರ್ಷ ಊರು ಆ ಮೊಣಕಾಲನ್ನು ನಂಬಿಕೊಂಡೇ ಬಂದಿತ್ತು. ಲಾರಿಯ ಕೆಲಸ ಶುರುವಾದಾಗ ಪ್ರತಿ ಸಂಜೆ ಅವಳು ಪಕ್ಕದಲ್ಲಿ ಕೂತು ಬಣ್ಣ ಹೇಳುತ್ತಿದ್ದಳು. ಕಳೆದ ಚಳಿಗಾಲದಲ್ಲೊಂದು ದಿನ, ಮಕ್ಕಳ ಉತ್ತರ ಪತ್ರಿಕೆಗಳ ರಾಶಿಯ ನಡುವಿನಿಂದ, "ಇನ್ನೆಷ್ಟು ದಿನ ನಾನು ನಿನ್ನ ಕಣ್ಣಾಗಿರ್ಲಿ?" ಎಂದುಬಿಟ್ಟಿದ್ದಳು. ಆಮೇಲೆ ಅವನು ಕರೆಯಲಿಲ್ಲ. ಹೇಗೆ ಮಾಡುತ್ತಿದ್ದೀ ಎಂದು ಅವಳೂ ಕೇಳಲಿಲ್ಲ.

ಹಾಗಾದರೆ ಬಣ್ಣ ಹೇಳಿದವರು ಯಾರು? ಸರಿಯಾಗಿ ಹೇಳಿದ್ದರೇ? ಒಂದು ವೈರು ತಪ್ಪಿದ್ದರೂ ಹೊತ್ತಿಕೊಳ್ಳಬಹುದು. ನಡೆಯಲಾರದವರು ಹಾರಿ ಇಳಿಯಲಾರರು.

"ನೀವು ಬ್ಯಾಟರಿ ತನ್ನಿ ಅರ್ನಿ. ಅಷ್ಟರಲ್ಲಿ ನಾನೊಂದ್ಸಲ ನೋಡಿರ್ತೀನಿ."

"ನಿಂಗೇನಮ್ಮ ತಿಳಿಯುತ್ತೆ?"

"ಓದೋಕೆ ಬರುತ್ತೆ."

ಗೋಡೆಗೆ ಅಂಟಿಸಿದ್ದ ವೈರಿಂಗ್ ನಕ್ಷೆಯನ್ನು ನೋಡಿಕೊಂಡು ಅವಳು ಒಂದೊಂದಾಗಿ ಮುಟ್ಟಿ ಬಂದಳು. ಇಪ್ಪತ್ತಾರು ವೈರು. ಒಂದೂ ತಪ್ಪಿರಲಿಲ್ಲ. ತಪ್ಪಿದ್ದರೆ, ಕುರುಡು ಅಂದಾಜಿನಲ್ಲಿ ಮಾಡಿದ್ದಾನೆಂದಾದರೂ ತಿಳಿಯುತ್ತಿತ್ತು; ಇದು ಬೇರೆ ಯಾರದೋ ಕಣ್ಣು. ಅಕ್ಷರ ಅವನದೇ, ಹೆಸರುಗಳು ಮಾತ್ರ ಅವನವಲ್ಲ. ಅಂಗಳದ ನೇರಳೆ ಹೂವಿನ ಜಕರಾಂಡವನ್ನು ಕೊನೆಯವರೆಗೂ ಬರೀ 'ಆ ಮರ' ಎಂದವನು ಅವನು. ಡ್ರೈವರ್ ಸೀಟಿನ ಸಂದಿಯಲ್ಲಿ ಬೀಸಣಿಗೆಯಂತೆ ಬಿಚ್ಚುವ ಪೇಂಟಿನ ಶೇಡ್ ಕಾರ್ಡ್ ಸಿಕ್ಕಿತು. ಪ್ರತಿ ಬಣ್ಣದ ಕೆಳಗೂ ಚೀಟಿಯಲ್ಲಿದ್ದಂಥದೇ ಹೆಸರು. ಬೆನ್ನಿಗೆ ಪೇಟೆಯ ಅಂಗಡಿಯ ಮೊಹರು, ಕೆಳಗೆ 'ಅಂಗಡಿಯಿಂದ ಒಯ್ಯಬಾರದು'.

ಅರ್ನಿ ಬ್ಯಾಟರಿ ಕೂರಿಸಿ ಸ್ವಿಚ್ ಎಳೆದ. ಎರಡು ದೀಪವೂ ಹತ್ತಿ ಶೆಡ್ಡಿನ ತಗಡಿನ ಮೇಲೆ ಮಂಕು ಹಳದಿ ಬೆಳಕು ಬಿತ್ತು.

"ಕಳ್ಳ ನನ್ಮಗ, ಮುಗಿಸೇ ಬಿಟ್ಟಿದ್ದ," ಎಂದ ಮುದುಕ. ಸ್ವಿಚ್ ಒಳಗೆ ತಳ್ಳಿ ದೀಪ ಆರಿಸಿದ. "ಆದ್ರೂ ಆ ಚೀಟಿ ನಂಗೆ ಅರ್ಥವಾಗಲಿಲ್ಲ ನೋಡು."

"ನಾನು ಕಿತ್ತಿಡ್ತೀನಿ," ಎಂದಳು ಬ್ರೋನಿ.

ಮಧ್ಯಾಹ್ನ ಪೇಂಟಿನ ಅಂಗಡಿಯಲ್ಲಿ ಶೇಡ್ ಕಾರ್ಡನ್ನು ಮುಂದಿಟ್ಟಾಗ ಕೌಂಟರಿನ ಹುಡುಗಿ ಇವಳು ರೋವನ್ ಹೆಂಡತಿಯೆಂದು ತಕ್ಷಣ ಗುರುತು ಹಿಡಿದಳು. ಹುಡುಗಿಯ ಕಣ್ಣು ತುಂಬಿತು.

"ಶನಿವಾರ ಶನಿವಾರ ಬರೋರು. ಜೇಬಿಂದ ವೈರ್ ತುಂಡು ತೆಗೆದು, ಇದು ಯಾವ ಬಣ್ಣಕ್ಕೆ ಹೊಂದುತ್ತೆ ಹೇಳು ಅನ್ನೋರು. ಬರೀ ಕೆಂಪು, ಹಸಿರು ಅಂದ್ರೆ ಸಾಲದು, ಕಾರ್ಡಿನಲ್ಲಿರೋ ಚಂದದ ಹೆಸರೇ ಬೇಕು, ಮನೇಲಿ ನನ್ನ ಹೆಂಡ್ತಿಗೆ ಹೇಳ್ಬೇಕು ಅಂತ." ಹುಡುಗಿ ಮುಂದಕ್ಕೆ ಬಾಗಿದಳು. "ನಿಮಗೆ ಬಣ್ಣ ಗೊತ್ತಾಗಲ್ವಂತೆ. ಪಾಪ, ಅವರೇ ಹೇಳಿದ್ರು."

ಹಿಂದೆ, ಸಾಲಿನಲ್ಲಿ, ಸಂಘದ ಕಾರ್ಯದರ್ಶಿ ಪೇಂಟಿನ ಡಬ್ಬಿ ಹಿಡಿದು ನಿಂತಿದ್ದ. ಈ ಮಾತು ಕಿವಿಗೆ ಬಿದ್ದು ತಲೆಯೆತ್ತಿದ.

ಹುಡುಗಿ ಕಾರ್ಡನ್ನು ಬಿಚ್ಚಿ ಒಂದು ಪಟ್ಟಿಯನ್ನು ಅವಳ ಮುಂದೆ ಹಿಡಿದಳು. "ಇದೂ ಗೊತ್ತಾಗಲ್ವಾ?"

ಅದು ಕಡುಗೆಂಪು. ಬ್ರೋನಿ ಅದನ್ನೇ ನೋಡುತ್ತ ನಿಂತಳು.

"ಇಲ್ಲ," ಎಂದಳು, ಹಿಂದಿನವರಿಗೂ ಕೇಳುವಂತೆ. "ಹುಟ್ಟಿದಾಗಿಂದ ಹೀಗೇ. ಅವನನ್ನೇ ಕೇಳ್ತಿದ್ದೆ."