ಟಾಪ್ ಮಾಡೆಲ್

ಘಾಟಿ ದಾಟುತ್ತಿದ್ದಂತೆ ಮಂಜು ಪೂರ್ತಿ ಕರಗಿ, ಚುರುಕು ಬಿಸಿಲು ಬಂತು. ಆದರೂ ಹೊಸ ಕಾರಿನ ಹಿಂದೆ, ಬಲಮೂಲೆಯಲ್ಲಿ ಕಂಪನಿಯವರೇ ಕೊಟ್ಟಿದ್ದ ಒಂದೇ ಒಂದು ಫಾಗ್ ಲೈಟ್ ಕೆಂಪಗೆ ಉರಿಯುತ್ತಲೇ ಇತ್ತು.

“ರೀ, ಇನ್ನಾದ್ರೂ ಅದನ್ನ ಆರಿಸ್ರೀ. ಹಿಂದೆ ಬರ್ತಿರೋ ನನ್ನ ತಮ್ಮನಿಗೆ ಕಣ್ಣು ಕುಕ್ಕಲ್ವಾ?” ಎಂದಳು ಹೆಂಡತಿ.

“ಕುಕ್ಕಲಿ ಬಿಡೇ. ಮೊನ್ನೆ ಅವನೂ ಇದೇ ಕಾರು ತಗೊಂಡ್ನಲ್ಲ, ಕಮ್ಮಿ ಮಾಡೆಲ್ಲು. ಅದ್ರಲ್ಲಿ ಈ ಲೈಟಿಲ್ಲ. ನಮ್ದು ಟಾಪ್ ಮಾಡೆಲ್ ಅಂತ ಅವನಿಗೆ ಇನ್ಹೆಂಗೆ ಗೊತ್ತಾಗ್ಬೇಕು?”

ಹಿಂದಿನ ಕಾರು ಹೆಡ್‌ಲೈಟನ್ನು ಡಿಮ್ ಡಿಪ್ ಮಾಡಿತು.

“ನೋಡಿದ್ಯಾ, ಹೊಟ್ಟೆಉರಿ!” ಆತ ಖುಷಿಯಿಂದ ಸ್ಟೀರಿಂಗ್ ಮೇಲೆ ತಾಳ ಹಾಕಿದ. ಹಿಂದಿನಿಂದ ಮತ್ತೆ ಡಿಮ್ ಡಿಪ್, ಜೊತೆಗೆ ಹಾರನ್ನು. ತಾಳ ಇನ್ನೂ ಜೋರಾಯಿತು.

ತಿಂಡಿಗೆಂದು ಹೋಟೆಲಿನ ಮುಂದೆ ಕಾರು ನಿಲ್ಲಿಸಿದಾಗ ಬಾಮೈದ ಓಡೋಡಿ ಬಂದ. ಅಕ್ಕನಿಗೆ ಕೇಳಿಸದಂತೆ ಭಾವನ ಕಿವಿಯ ಹತ್ತಿರ ಬಾಗಿದ.

“ಆಗ್ಲಿಂದ ಡಿಮ್ ಡಿಪ್ ಹೊಡೀತಾನೇ ಇದ್ದೀನಿ, ನೀವು ನೋಡ್ಲೇ ಇಲ್ಲ. ಹಿಂದೆ ಬಲಗಡೆ ಮಾತ್ರ ಕೆಂಪು ಲೈಟಿದೆ, ಎಡಗಡೆ ಬಲ್ಬೇ ಉರೀತಿಲ್ಲ ಭಾವ. ಹೊಸದು ಅಂತ ಹೇಳಿ ನಿಮಗೆ ಯಾವ್ದೋ ಹಳೇ ಗಾಡಿ ಕಟ್ಟಿಬಿಟ್ಟಿದ್ದಾರೆ!”