ಮಗನಿಗೆ ಪಟ್ಟ

ಶನಿವಾರದ ಗಮಕ ವಾಚನಕ್ಕೆ ಶಾಸಕರು ಹೇಳದೆ ಕೇಳದೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಸಭಾಂಗಣ ಅವರದೇ, ಅವರು ಮುನಿದರೆ ಮುಂದಿನ ವಾರದಿಂದ ನಮಗೆ ಕೂರಲು ಜಾಗವಿಲ್ಲ. ಅವರು ಮಗನಿಗೆ ಟಿಕೆಟ್ ಕೇಳುತ್ತಿರುವುದು ಊರಿಗೆಲ್ಲ ಗೊತ್ತು. ಅಂದಿನ ಭಾಗವೋ, ಅಯೋಗ್ಯ ಮಗನಿಗೆ ಪಟ್ಟ ಕಟ್ಟಿ ರಾಜ್ಯ ಹಾಳುಮಾಡಿದ ಅರಸನದು.

ಪದ್ಮಾವತಮ್ಮ ಪದ್ಯ ಹಾಡಿದರು. ಅರ್ಥ ಹೇಳುವ ಶೇಷಪ್ಪ ಮೇಷ್ಟ್ರು ಆವೇಶದಲ್ಲಿ, "ಇಂಥ ಅಪ್ಪಂದಿರು ಈಗಲೂ ಇದ್ದಾರೆ, ಸ್ವಾಮಿ!" ಅಂದುಬಿಟ್ಟರು. ಹಿಂದಿನ ಸಾಲಿನವರು ಕಿಸಕ್ಕೆಂದರು. ಮಂಗಳ ಹಾಡುವಷ್ಟರಲ್ಲಿ ಆ ಮಾತಿನ ವೀಡಿಯೊ ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡುತ್ತಿತ್ತು.

"ನಿಮ್ಮ ನಾಲಿಗೆಗೊಂದು ಬೀಗ ಹಾಕ್ಬಾರ್ದಿತ್ತಾ?" ಪದ್ಮಾವತಮ್ಮ ಶ್ರುತಿಪೆಟ್ಟಿಗೆ ಮುಚ್ಚುತ್ತಾ ಪಿಸುಗುಟ್ಟಿದರು.

"ಅರ್ಥ ಹೇಳೋದೇ ನನ್ನ ಕೆಲಸ ಅಲ್ವೇನಮ್ಮ?" ಅಂದರು ಮೇಷ್ಟ್ರು. ಹೇಳುತ್ತಲೇ ಮುಂದಿನ ಸಾಲಿನತ್ತ ಕದ್ದು ನೋಡಿದರು.

ಶಾಸಕರು ಎದ್ದು ನೇರವಾಗಿ ವೇದಿಕೆಗೆ ಬಂದರು. ಕಣ್ಣು ಕೆಂಪಗಾಗಿತ್ತು. ಮೇಷ್ಟ್ರ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಅಳಿಸಿಬಿಟ್ರಿ ಮೇಷ್ಟ್ರೇ. ತಂದೆ ಪ್ರೀತಿ ಅಂದ್ರೆ ಅದು! ನಮ್ಮ ಹುಡುಗನ ಟಿಕೆಟ್ ಇವತ್ತು ಪಕ್ಕಾ ಆಯ್ತು. ಮೊದಲನೇ ಪ್ರಚಾರಸಭೆಯಲ್ಲಿ ಇದೇ ಕಥೆ ಹೇಳ್ಬೇಕು ನೀವು."